ಬೈಬಲಿನ ಯಾಜಕಕಾಂಡಕ್ಕೆ ಬಂದಾಗಲೆಲ್ಲ ಓದು ನಿಲ್ಲುತ್ತಿದ್ದರೆ
ಮೊದಲ ಪುಸ್ತಕ ಆದಿಕಾಂಡವನ್ನು ಖುಷಿಯಿಂದ ಮುಗಿಸಿ ಮೂರನೆಯದಾದ ಯಾಜಕಕಾಂಡದಲ್ಲಿ ನಿಂತುಬಿಡುತ್ತೀರಿ ಅಂದರೆ, ಬಹುಶಃ ಬೈಬಲಿನ ಮೊದಲ ಐದು ಪುಸ್ತಕಗಳನ್ನು ಬೇರೆ ಬೇರೆಯಾಗಿ ನೋಡುತ್ತಿದ್ದೀರಿ. ಅವು ಒಂದೇ ಕಥೆ. ಮೊದಲು ವಿಮೋಚನಕಾಂಡದ 1ರಿಂದ 20ನೇ ಅಧ್ಯಾಯ ಓದಿ, ಆಮೇಲೆ 32ರಿಂದ 34, ಕೊನೆಗೆ 40. ನಡುವೆ ಬರುವ, ದೇವರ ಆರಾಧನೆಗಾಗಿ ಮಾಡಿದ ಗುಡಾರದ ಅಳತೆಗಳನ್ನು ಸದ್ಯಕ್ಕೆ ಬಿಡಿ. 40ರ ಕೊನೆಯಲ್ಲಿ ದೇವರ ಮಹಿಮೆ ಗುಡಾರವನ್ನು ತುಂಬುತ್ತದೆ, ಮೋಶೆಗೂ ಒಳಗೆ ಹೋಗಲು ಆಗುವುದಿಲ್ಲ. ಹಾಗಾದರೆ ಪಾಪಿಯಾದ ಮನುಷ್ಯ ದೇವರ ಹತ್ತಿರ ಹೋಗುವುದು ಹೇಗೆ? ಈ ಪ್ರಶ್ನೆ ಇಟ್ಟುಕೊಂಡೇ ಯಾಜಕಕಾಂಡ ತೆರೆಯಿರಿ. ಪಾಪ ಪರಿಹಾರದ ಬಲಿಗಳನ್ನು ಹೇಳುವ ಅದರ 16ನೇ ಅಧ್ಯಾಯವನ್ನು ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆಯ 9ರ ಜೊತೆ ಇಟ್ಟು ಓದಿದರೆ, ಆ ಬಲಿಗಳೆಲ್ಲ ಕ್ರಿಸ್ತನ ಕಡೆಗೆ ಹೇಗೆ ಕೈ ತೋರಿಸುತ್ತವೆ ಅಂತ ಕಾಣುತ್ತದೆ. ಅರಣ್ಯಕಾಂಡದಲ್ಲಿ ಈಗ 11ರಿಂದ 14, ಮತ್ತೆ 21 ಸಾಕು. ಧರ್ಮೋಪದೇಶಕಾಂಡವನ್ನು ಮಾತ್ರ ನಿಧಾನವಾಗಿ, ಪೂರ್ತಿ ಓದಿ. ಅಡವಿಯಲ್ಲಿ ತನ್ನನ್ನು ಪರೀಕ್ಷಿಸಿದ ಸೈತಾನನಿಗೆ ಯೇಸು ಕೊಟ್ಟ ಮೂರೂ ಉತ್ತರಗಳು ಅದರ 6 ಮತ್ತು 8ನೇ ಅಧ್ಯಾಯಗಳಲ್ಲೇ ಇವೆ.