ಅಕಲೇಸಿಯಾ ಇರುವವರಿಗೆ ಅನ್ನನಾಳದ ಕ್ಯಾನ್ಸರ್ ಬರುವ ಸಾಧ್ಯತೆ ಎಷ್ಟು?

ಹನ್ನೆರಡು ವರ್ಷಗಳಿಂದ ಅಕಲೇಸಿಯಾ (ಅನ್ನನಾಳದ ಕೆಳತುದಿ ಸಡಿಲವಾಗದೆ ತಿಂದದ್ದು ಸರಿಯಾಗಿ ಹೊಟ್ಟೆಗಿಳಿಯದ ಕಾಯಿಲೆ) ಇದೆ, ಆ ತುದಿಯನ್ನು ಹಿಗ್ಗಿಸುವ ಬಲೂನ್ ಚಿಕಿತ್ಸೆ ಆಗಿದೆ, ಇನ್ನು ಕ್ಯಾನ್ಸರ್ ಭಯವಿಲ್ಲ ತಾನೇ ಎಂದು ಕೇಳಿದ್ದೀರಿ. ಅರವತ್ತು ದಾಟಿದ ನಿಮ್ಮ ತಂದೆಗೂ ಈಚೆಗೆ ನುಂಗಲು ಕಷ್ಟವಾಗುತ್ತಿದೆ ಎಂದೂ ಬರೆದಿದ್ದೀರಿ. ನಾನು ವೈದ್ಯನಲ್ಲ, ಇದೇ ಕಾಯಿಲೆಯ ಹಳೆಯ ರೋಗಿ.

ಭಯ ಬೇಡ, ನಿಜ. ಆದರೆ ಬಲೂನಿನಿಂದ ಎಲ್ಲವೂ ಮುಗಿಯಿತು ಎಂದುಕೊಳ್ಳಬೇಡಿ. ಅನ್ನನಾಳದ ಕೆಳತುದಿಯ ಸ್ನಾಯುವನ್ನು ಸಡಿಲಿಸುವ ನರಕೋಶಗಳು ನಮ್ಮಲ್ಲಿ ನಶಿಸಿರುತ್ತವೆ. ಬಲೂನ್, ಆ ಸ್ನಾಯುವನ್ನು ಕತ್ತರಿಸುವ ಹೆಲ್ಲರ್ ಶಸ್ತ್ರಚಿಕಿತ್ಸೆ, ಅದನ್ನೇ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಮಾಡುವ ಈಗಿನ ಪೊಯೆಮ್, ಯಾವುದೂ ಅವನ್ನು ಮರಳಿ ತರುವುದಿಲ್ಲ. ದಾರಿಯನ್ನಷ್ಟೇ ಅಗಲ ಮಾಡುತ್ತವೆ. ತಿಂದದ್ದು ಅಲ್ಲೇ ನಿಂತು ಕೊಳೆತು ಒಳಪದರವನ್ನು ವರ್ಷಗಟ್ಟಲೆ ಕೆರಳಿಸುವುದೇ ಸ್ಕ್ವಾಮಸ್ ಕ್ಯಾನ್ಸರಿಗೆ (ಆ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ) ಕಾರಣವಾಗಬಲ್ಲದು. ದಾರಿ ಅಗಲವಾದ ಮೇಲೆ ಹೊಟ್ಟೆಯ ಆಮ್ಲ ಮೇಲೇರಿದರೆ ಅದರದ್ದು ಬೇರೆಯೇ ತೊಂದರೆ. ಸಾಮಾನ್ಯ ಜನರಿಗಿಂತ ನಮಗೆ ಅಪಾಯ ಹಲವು ಪಟ್ಟು ಹೆಚ್ಚು ಎಂದು ಓದಿ ನಿದ್ದೆಗೆಡಬೇಡಿ, ಆ ಮೂಲ ಸಂಖ್ಯೆಯೇ ಚಿಕ್ಕದು. ನಮ್ಮಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಬಂದರೂ ಸಾಮಾನ್ಯವಾಗಿ ರೋಗ ಶುರುವಾಗಿ ಹತ್ತಾರು ವರ್ಷಗಳಾದ ಮೇಲೆ.

ನನ್ನನ್ನು ಕಾಡುವುದು ಅಂಕಿಗಳಲ್ಲ, ನಮ್ಮ ಅಭ್ಯಾಸ. ತುತ್ತು ಸಿಕ್ಕಿಕೊಂಡರೆ ಬೇರೆಯವರು ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ. ನಾವು ಒಂದು ಲೋಟ ನೀರು ಕುಡಿದು, ಎದ್ದು ನಿಂತು, ಅದು ಇಳಿಯಲಿ ಎಂದು ಕಾಯುತ್ತೇವೆ. ಗೆಡ್ಡೆ ಬೆಳೆದರೂ ಹಳೆಯ ಕಾಯಿಲೆಯೇ ಮರುಕಳಿಸಿದೆ ಎಂದುಕೊಳ್ಳುವುದು ನಮಗೆ ಬಹಳ ಸುಲಭ. ಹಿಗ್ಗಿದ ಅನ್ನನಾಳದಲ್ಲಿ ಅದು ಸಾಕಷ್ಟು ದೊಡ್ಡದಾಗುವವರೆಗೆ ಅಡ್ಡಿಯೂ ಆಗುವುದಿಲ್ಲ. ಆದ್ದರಿಂದ ಚೆನ್ನಾಗಿದ್ದ ನುಂಗುವಿಕೆ ಮತ್ತೆ ಕೆಟ್ಟರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತ ಕಂಡರೆ ತಡಮಾಡಬೇಡಿ.

ಎಂಡೋಸ್ಕೋಪಿ ಎಷ್ಟು ವರ್ಷಕ್ಕೊಮ್ಮೆ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ರೋಗಕ್ಕೆ 10-15 ವರ್ಷ ತುಂಬಿದ ಮೇಲೆ 3 ವರ್ಷಕ್ಕೊಮ್ಮೆ ನೋಡುವವರಿದ್ದಾರೆ, ಎಲ್ಲರಿಗೂ ಅಗತ್ಯವಿಲ್ಲ ಎನ್ನುವವರೂ ಇದ್ದಾರೆ. ನಾನು ಮಾಡಿಸಿಕೊಳ್ಳುವವರ ಪಕ್ಷ. ಎಂಡೋಸ್ಕೋಪಿಗೆ ಮುಂಚಿನ ಒಂದೆರಡು ದಿನ ದ್ರವಾಹಾರವಷ್ಟೇ ತೆಗೆದುಕೊಳ್ಳಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಒಳಗೆ ಆಹಾರ ಉಳಿದಿದ್ದರೆ ವೈದ್ಯರಿಗೆ ಏನೂ ಕಾಣುವುದಿಲ್ಲ. ಬೀಡಿ, ಸಿಗರೇಟು, ಮದ್ಯದ ಬಗ್ಗೆ ಹೇಳಬೇಕಾಗಿಲ್ಲವಷ್ಟೇ.

ನಿಮ್ಮ ತಂದೆಯವರ ವಿಷಯ ಮಾತ್ರ ಬೇರೆ. ಆ ವಯಸ್ಸಿನಲ್ಲಿ ಕೆಲವೇ ತಿಂಗಳಿಂದ ನುಂಗಲಾಗದೆ, ತೂಕವೂ ಬೇಗ ಇಳಿಯುತ್ತಿದ್ದರೆ, ಹೊಟ್ಟೆಯ ಬಾಯಿಯಲ್ಲಿರುವ ಕ್ಯಾನ್ಸರೇ ಅಕಲೇಸಿಯಾದಂತೆ ತೋರುತ್ತಿರಬಹುದು. ನಿಮ್ಮ ತಪಾಸಣೆ ಮುಂದಿನ ತಿಂಗಳಾದರೂ ಆದೀತು, ಅವರನ್ನು ಈ ವಾರವೇ ಕರೆದುಕೊಂಡು ಹೋಗಿ.