ಕೂದಲನ್ನೇ ಇಟ್ಟುಕೊಂಡು ಮಿಶ್ರ ಮಾಧ್ಯಮದ ಚಿತ್ರ ಮಾಡುವುದು ಹೇಗೆ?

ಹೆಣ್ತನ, ಅಂದದ ಕಟ್ಟುಪಾಡು, ಕೂದಲು ಸೇರಿಸಿ ಮಿಶ್ರ ಮಾಧ್ಯಮದ, ಅಂದರೆ ಬಣ್ಣದ ಜೊತೆ ಬೇರೆ ವಸ್ತುಗಳನ್ನೂ ಬಳಸುವ, ಚಿತ್ರ ಮಾಡಬೇಕು, ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿದ್ದೇನೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಮನೆಯ ಬಾಚಣಿಗೆಯಿಂದಲೇ ಶುರು ಮಾಡಿ. ಉದುರಿದ ಕೂದಲು, ಹಳೇ ಚೌರಿ, ಕುಚ್ಚು, ಹೇರ್‌ಪಿನ್ ಎತ್ತಿಡಿ. ನನಗೆ ಅಜ್ಜಿಯ ಚೌರಿ ಟ್ರಂಕಿನಲ್ಲಿ ಸಿಕ್ಕಿತ್ತು. ತುದಿ ಕೆಂಚಾಗಿತ್ತು, ಕೊಬ್ಬರಿ ಎಣ್ಣೆ ವಾಸನೆ ಇನ್ನೂ ಇತ್ತು. ಜಡೆ ತೆಳ್ಳಗಿದೆ ಅಂತ ಯಾರಾದರೂ ಅಂದಾರು ಅಂತ ಮದುವೆ ಮನೆಗೆ ಹೋಗುವಾಗೆಲ್ಲ ಅದನ್ನು ಸೇರಿಸಿ ಹೆಣೆದುಕೊಳ್ಳುತ್ತಿದ್ದರಂತೆ. ಅಂಥದ್ದೊಂದು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ, ಅಲ್ವಾ?

ಹಿನ್ನೆಲೆಗೆ ನಿಮ್ಮ ಕಡೆಯ ಹಸೆ ಚಿತ್ತಾರವೇ ಇದೆ. ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಗೆರೆ ಎಳೆಯುತ್ತಾರೆ. ನೀವು ಪ್ಲೈವುಡ್‌ಗೆ ಕೆಮ್ಮಣ್ಣು ಬಳಿಯಿರಿ, ಸ್ವಲ್ಪ ಫೆವಿಕಾಲ್ ಬೆರೆಸಿ. ಕೂದಲನ್ನು ಸೀಗೆಕಾಯಿಯಲ್ಲಿ ತೊಳೆದು ಒಣಗಿಸಿ, ಆಮೇಲೆ ಹಲಗೆಗೆ ಅಂಟಿಸಿ. ಜಿಡ್ಡಿದ್ದರೆ ಅಂಟೋದಿಲ್ಲ. ಮಳೆಗಾಲದಲ್ಲಿ ಮಾತ್ರ ಬೇಡ, ಬೂಷ್ಟು ಹಿಡಿಯುತ್ತದೆ.

ಶಿಕಾರಿಪುರದ ಉಡುತಡಿಗೂ ಒಮ್ಮೆ ಹೋಗಿ ಬನ್ನಿ, ಅಕ್ಕಮಹಾದೇವಿಯ ಊರು. ಬಟ್ಟೆ ಬಿಟ್ಟು ಕೂದಲನ್ನೇ ಹೊದ್ದವಳು ಅಕ್ಕ. ಕಟ್ಟುಪಾಡು ಮೀರಿದ ಅಂಥ ಕೂದಲನ್ನೂ ಕಟ್ಟುಪಾಡಿಗೆಂದೇ ಹೆಣೆದ ಅಜ್ಜಿಯ ಚೌರಿಯಂಥದ್ದನ್ನೂ ಒಂದೇ ಹಲಗೆ ಮೇಲೆ ಅಕ್ಕಪಕ್ಕ ಇಟ್ಟು ನೋಡಿ.