ಪ್ರತಿ ಕಾಲಂಗೂ ಒಂದು ಇಂಡೆಕ್ಸ್ ಹಾಕಿದರೂ ಏಕೆ ತಡ?

ಪ್ರಶ್ನೆ: ನೂರು ಹಾಲು ಸಂಘಗಳ ಲೆಕ್ಕ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಸಂಘಕ್ಕೆ ಸುಮಾರು 80 ಸದಸ್ಯರು, ದಿನಕ್ಕೆ ಎರಡು ಹೊತ್ತು ಹಾಲು. ವರ್ಷಕ್ಕೆ 58 ಲಕ್ಷ ಸಾಲು. ಸಂಘ, ಸದಸ್ಯ ಸಂಖ್ಯೆ, ದಿನಾಂಕ, ಹೊತ್ತು, ಫ್ಯಾಟ್ ಎಲ್ಲಕ್ಕೂ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ) ಇದೆ. ದಿನಾಂಕದಿಂದ ತಿಂಗಳನ್ನು ಬೇರ್ಪಡಿಸುವ ‘ಎಕ್ಸ್‌ಟ್ರ್ಯಾಕ್ಟ್’ ಫಂಕ್ಷನ್ ಬಳಸಿ ತಿಂಗಳನ್ನು ಹುಡುಕುತ್ತೇವೆ. ಒಬ್ಬರ ತಿಂಗಳ ಪಟ್ಟಿಗೂ ಕಾಯಬೇಕು, ಹೊಸ ನಮೂದೂ ನಿಧಾನ. ಏನು ಮಾಡಬೇಕು?

ಉತ್ತರ: ಒಬ್ಬರ ತಿಂಗಳ ಪಟ್ಟಿಗೆ ಬೇಕಿರುವುದು 30 ದಿನ, ಎರಡು ಹೊತ್ತಿನ ಬರೀ 60 ಸಾಲು. ಆದರೆ, ಉದಾಹರಣೆಗೆ, 25ನೇ ನಂಬರಿನ ಸದಸ್ಯರು ಎಲ್ಲ ಸಂಘದಲ್ಲೂ ಇರುತ್ತಾರೆ, ಹಾಗಾಗಿ ಸದಸ್ಯ ಸಂಖ್ಯೆಯ ಇಂಡೆಕ್ಸ್ ಒಂದು ವರ್ಷದ 73,000 ಸಾಲು ಹಿಡಿದು ತರುತ್ತದೆ, ಸಂಘದ ಇಂಡೆಕ್ಸ್ 58,400. ಬಿಟ್‌ಮ್ಯಾಪ್ (ಸಾಲುಗಳ ಗುರುತುಪಟ್ಟಿ) ಮೂಲಕ ಪೋಸ್ಟ್‌ಗ್ರೆಸ್ ಎರಡನ್ನೂ ಕೂಡಿಸಬಹುದು ನಿಜ, ಆದರೂ ಎರಡೂ ಕಡೆಯ ನಮೂದುಗಳನ್ನು ಓದುವುದು ತಪ್ಪುವುದಿಲ್ಲ. ದಿನಾಂಕದ ಇಂಡೆಕ್ಸ್ ಲೆಕ್ಕಕ್ಕೇ ಇಲ್ಲ: ಕಾಲಂ ಅನ್ನು ಫಂಕ್ಷನ್ ಒಳಗೆ ಹಾಕಿದರೆ ಅದರ ಸಾದಾ ಇಂಡೆಕ್ಸ್ ಬಳಕೆಯಾಗುವುದಿಲ್ಲ. ‘2025-06-01ರಿಂದ, 2025-07-01ಕ್ಕಿಂತ ಮೊದಲು’ ಎಂದು ಷರತ್ತು ಬರೆಯಿರಿ.

ಆಮೇಲೆ ಒಂದೇ ಯೂನಿಕ್ (ಒಂದೇ ಮೌಲ್ಯಗಳು ಎರಡು ಸಲ ಬರಲು ಬಿಡದ) ಇಂಡೆಕ್ಸ್: ಸಂಘ, ಸದಸ್ಯ, ದಿನಾಂಕ, ಹೊತ್ತು, ಇದೇ ಕ್ರಮದಲ್ಲಿ. ಸಮ ಎಂದು ಹೋಲಿಸುವ ಕಾಲಂಗಳು ಮುಂದೆ, ‘ಇಲ್ಲಿಂದ ಅಲ್ಲಿಗೆ’ ಎಂದು ಹುಡುಕುವ ದಿನಾಂಕ ಅವುಗಳ ಹಿಂದೆ. ದಿನಾಂಕವನ್ನೇ ಮೊದಲಿಟ್ಟರೆ ಆ ತಿಂಗಳ 4.8 ಲಕ್ಷ ನಮೂದುಗಳ ನಡುವೆ ಹುಡುಕಾಟ. ಯೂನಿಕ್ ಆದ್ದರಿಂದ ಒಂದೇ ಹಾಲು ಎರಡು ಸಲ ನಮೂದಾಗುವುದೂ ನಿಲ್ಲುತ್ತದೆ. ಹಸು, ಎಮ್ಮೆ ಹಾಲನ್ನು ಬೇರೆಯಾಗಿ ಬರೆಯುವ ಸಂಘಗಳಿದ್ದರೆ ಹಾಲಿನ ಬಗೆಯನ್ನೂ ಕೊನೆಗೆ ಸೇರಿಸಿ, ಇಲ್ಲದಿದ್ದರೆ ಸರಿಯಾದ ನಮೂದೇ ತಿರಸ್ಕೃತವಾದೀತು.

ಈ ಇಂಡೆಕ್ಸ್ ಕಟ್ಟಲು ‘ಕ್ರಿಯೇಟ್ ಯೂನಿಕ್ ಇಂಡೆಕ್ಸ್ ಕನ್‌ಕರೆಂಟ್ಲಿ’ ಎಂದೇ ಆದೇಶ ಕೊಡಿ; ಕನ್‌ಕರೆಂಟ್ಲಿ ಬಿಟ್ಟರೆ ಮುಗಿಯುವವರೆಗೆ ಹೊಸ ನಮೂದು ನಿಂತಿರುತ್ತದೆ. ಟ್ರಾನ್ಸಾಕ್ಷನ್ (ಹಲವು ಆದೇಶಗಳನ್ನು ಒಂದೇ ಘಟಕವಾಗಿ ನಡೆಸುವ ಕಟ್ಟು) ಒಳಗೆ ಕನ್‌ಕರೆಂಟ್ಲಿ ನಡೆಯದು. ಮೊದಲು ಈ ಕಾಲಂಗಳ ಮೇಲೆ ‘ಗ್ರೂಪ್ ಬೈ’ ಮಾಡಿ (ಒಂದೇ ರೀತಿಯವನ್ನು ಗುಂಪಾಗಿಸಿ) ಎರಡು ಸಲ ಬಂದ ಸಾಲು ಹುಡುಕಿ ತೆಗೆಯಿರಿ; ಒಂದು ಉಳಿದರೂ ಕೆಲಸ ಕೈಕೊಟ್ಟು ‘ಇನ್‌ವ್ಯಾಲಿಡ್’ (ಹುಡುಕಾಟಕ್ಕೆ ಬಾರದ) ಇಂಡೆಕ್ಸ್ ಉಳಿಯುತ್ತದೆ, ಅದನ್ನು ನೀವೇ ಡ್ರಾಪ್ ಮಾಡಬೇಕು. ಮುಗಿದ ಮೇಲೆ ನಿಮ್ಮ ಹುಡುಕಾಟದ ಮುಂದೆ ‘ಎಕ್ಸ್‌ಪ್ಲೇನ್ ಅನಲೈಜ್’ ಕೊಟ್ಟು, ಪೋಸ್ಟ್‌ಗ್ರೆಸ್ ಹೇಗೆ ಹುಡುಕಿತೆಂದು ತೋರಿಸುವ ಪ್ಲಾನ್‌ನಲ್ಲಿ ಹೊಸ ಇಂಡೆಕ್ಸ್ ಹೆಸರು ಕಾಣುತ್ತದೆಯೇ ನೋಡಿ.

ಸಂಘದ ದಿನವಹಿ ಪಟ್ಟಿಗೆ ಸಂಘ, ದಿನಾಂಕ ಎಂಬ ಇನ್ನೊಂದು ಇಂಡೆಕ್ಸ್ ಹಾಕಿ. ಹೊತ್ತಿನ (ಬೆಳಿಗ್ಗೆ–ಸಂಜೆಯ) ಇಂಡೆಕ್ಸ್ ಅನ್ನು ಧಾರಾಳವಾಗಿ ತೆಗೆದುಹಾಕಿ: ಟೇಬಲ್‌ನ ಅರ್ಧವನ್ನೇ ತೋರಿಸುವ ಇಂಡೆಕ್ಸ್‌ಗಿಂತ ಇಡೀ ಟೇಬಲ್ ಓದುವುದೇ ಅಗ್ಗ. ಹೊಸ ನಮೂದು ಬಂದಾಗಲೆಲ್ಲ ಇದ್ದಬದ್ದ ಇಂಡೆಕ್ಸ್‌ಗಳಿಗೂ ಬರೆಯಬೇಕಲ್ಲ, ನಿಮ್ಮ ನಿಧಾನದ ಒಂದು ಕಾರಣ ಅದೇ. ಉಳಿದವು ಎಷ್ಟು ಸಲ ಬಳಕೆಯಾಗಿವೆ ಎಂಬುದು ಪೋಸ್ಟ್‌ಗ್ರೆಸ್‌ನದೇ ಅಂಕಿಅಂಶ ಪಟ್ಟಿಯಾದ ‘ಪಿಜಿ_ಸ್ಟ್ಯಾಟ್_ಯೂಸರ್_ಇಂಡೆಕ್ಸಸ್’ನ ‘ಐಡಿಎಕ್ಸ್_ಸ್ಕ್ಯಾನ್’ ಕಾಲಂನಲ್ಲಿ ಸಿಗುತ್ತದೆ. ಸೊನ್ನೆ ಕಂಡ ಕೂಡಲೇ ಕಿತ್ತುಹಾಕಬೇಡಿ. ವರ್ಷಕ್ಕೊಮ್ಮೆ ಬರುವ ಬೋನಸ್ ಲೆಕ್ಕ ಮುಗಿಯಲಿ. ಪ್ರೈಮರಿ ಕೀಯ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂನ) ಇಂಡೆಕ್ಸ್ ಸೊನ್ನೆ ತೋರಿಸಿದರೂ ಇರಬೇಕು.